ಮಿರಗದ ಗಡುವು

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಬಂಡೆಗುಡ್ಡ ಇದೆ. ಹೈದರಾಬಾದಿನ ಈ ಮಣಿಕೊಂಡದಲ್ಲಿ ಬಂಡೆ ಒಡೆಯದೆ ಯಾರೂ ಮನೆ ಕಟ್ಟಿದ್ದಿಲ್ಲ. ಇದೊಂದನ್ನು ಒಡೆಯುವುದು ಬಿಲ್ಡರನ ಕೈಲಾಗಲಿಲ್ಲವೋ, ಸಾಕು ಅನ್ನಿಸಿತೋ, ಕೊನೆಗೆ ‘ಗ್ರೀನ್ ಏರಿಯಾ’ ಅಂತ ಒಂದು ಬೋರ್ಡು ನೆಟ್ಟು ಕೈತೊಳೆದುಕೊಂಡ. ಬಂಡೆಗಳ ಸಂದಿಯಲ್ಲಿ ಸೀತಾಫಲ, ಮುತ್ತಲ, ಬೀಡಿ ಎಲೆಯ ತುಮರಿ, ಕಕ್ಕೆ ಬೆಳೆದಿವೆ. ಯಾರೂ ನೆಟ್ಟವಲ್ಲ, ಯಾರೂ ನೀರು ಹಾಕಿದವಲ್ಲ. ಶ್ರಾವಣದಲ್ಲಿ ನೋಡಿದರೆ ಬಂಡೆಯೇ ಕಾಣದಷ್ಟು ಹಸಿರು. ಏಪ್ರಿಲ್ ಬಂತೆಂದರೆ ಒಂದೆಲೆ ಉಳಿಯುವುದಿಲ್ಲ, ಬರೀ ಕಡ್ಡಿ.

ಅಂಥ ಒಂದು ಏಪ್ರಿಲ್‌ನಲ್ಲಿ ನಮ್ಮ ಸಂಘದ ಅಧ್ಯಕ್ಷರು ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದರು. ಹಿಂದಿನ ಗುಡ್ಡದ ಮರಗಳೆಲ್ಲ ಸತ್ತಿವೆ, ಬೆಂಕಿಯ ಭಯವಿದೆ, ಕಡಿಸಿ ಹಾಕಿ ವರ್ಷವಿಡೀ ಹಸಿರಾಗಿರುವ ಗಿಡ ಹಚ್ಚೋಣ, ಸತ್ತ ಮರ ಕಡಿಯಲು ಯಾರ ಅನುಮತಿಯೂ ಬೇಕಾಗಿಲ್ಲ. ಕೆಳಗೆ ಹೆಬ್ಬೆರಳುಗಳ ಸಾಲು. ನನಗೆ ಮೈಯೆಲ್ಲ ಉರಿಯಿತು. ಹೋಳಿಯ ಹೊತ್ತಿಗೆ ಇದೇ ಮುತ್ತಲ ಕೆಂಪಗೆ ಹೂಬಿಟ್ಟಾಗ ಇದೇ ಮಂದಿ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದರು. ಉದ್ದದ ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಸಿಟ್ಟು ಬಂದಾಗ ನನ್ನ ಕೈಯಲ್ಲಿ ಫೋನು ಇರಬಾರದು ಅಂತ ನನ್ನ ಗಂಡ ಹೇಳುತ್ತಲೇ ಇರುತ್ತಾರೆ. ಅದಕ್ಕೇ ಫೋನು ಒಯ್ದು ಅಧ್ಯಕ್ಷರ ಸಂದೇಶವನ್ನು ಅತ್ತೆಯ ಮುಂದೆ ಓದಿದೆ.

ಅತ್ತೆ ಎಂದರೆ ಗಂಡನ ತಾಯಿ. ಬೀದರ ಕಡೆಯ ಮನೆತನ, ಆದರೆ ಅವರ ಅಪ್ಪನ ಕಾಲದಿಂದಲೂ ಹೈದರಾಬಾದಿನ ಸರ್ಕಾರಿ ನೌಕರಿಯ ಅನ್ನ. ಅತ್ತೆ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ದಿಲ್‌ಸುಖ್‌ನಗರದಲ್ಲಿ ಇರುವಷ್ಟು ದಿನ ತರಕಾರಿ ತರಲು ಹೋದರೂ ಯಾರಾದರೊಬ್ಬ ಹಳೆಯ ವಿದ್ಯಾರ್ಥಿ ಸಿಕ್ಕು ಕಾಲಿಗೆ ಬೀಳುತ್ತಿದ್ದ. ಮೊಣಕಾಲು ಹಿಡಿದುಕೊಂಡ ಮೇಲೆ ಮಹಡಿ ಹತ್ತುವುದು ಆಗದೆ, ಲಿಫ್ಟು ಇರುವ ನಮ್ಮ ಮನೆಗೆ ಬಂದರು. ಬರುವಾಗಲೇ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಡುಗೆಮನೆಯ ಗ್ಯಾಲರಿಯಿಂದ ಗುಡ್ಡ ಅವರಿಗೆ ಬರೀ ಬಣ್ಣವಾಗಿ ಕಾಣುತ್ತಿತ್ತು, ಮೊದಲು ಹಸಿರು, ಆಮೇಲೆ ಕಂದು.

ನಾನು ಓದಿದ್ದನ್ನು ಕೇಳಿ, “ಸತ್ತಾವಂತ? ಯಾವ ಡಾಕ್ಟರ್ ನೋಡ್ಯಾನ?” ಎಂದರು.

ನನಗೆ ನಗು ಬಂತು. ಅವರು ನಗಲಿಲ್ಲ. “ನಾ ಈ ಗುಡ್ಡ ಇನ್ನೂ ಕಣ್ಣತುಂಬ ನೋಡೇ ಇಲ್ಲವಾ. ಬರೋ ತಿಂಗಳ ಕಣ್ಣಿನ ಮೋತಿಬಿಂದು ತಗಸ್ಕೊಂಡು ಒಂದೊಂದು ಗಿಡ ನೋಡಬೇಕಂತ ಕುಂತೀನಿ. ಅಷ್ಟರಾಗ ಕಡೀತಾರಂತೇನು?”

ಈ ಮಾತು ಯಾಕೆ ನನ್ನನ್ನು ಅಷ್ಟು ಚುಚ್ಚಿತು ಎಂದು ತಿಳಿಯಬೇಕಾದರೆ ಅತ್ತೆ ಮರಗಳನ್ನು ನೋಡುವ ರೀತಿ ಗೊತ್ತಿರಬೇಕು. ನನ್ನ ಮದುವೆಯಾದ ಹೊಸದರಲ್ಲಿ ಗೋವಾ ಕಡೆ ಸಂಬಂಧಿಕರ ಮದುವೆಗೆಂದು ಎಲ್ಲರೂ ರೈಲಿನಲ್ಲಿ ಹೋಗಿದ್ದೆವು. ಉಳಿದವರು ಚುರುಮುರಿ, ಚಕ್ಕುಲಿ ತಿನ್ನುತ್ತ ಕುಳಿತರೆ ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ. ರಾಯಚೂರು, ಬಳ್ಳಾರಿ ಕಡೆ ಬರೀ ಜಾಲಿಯ ಮುಳ್ಳು. “ನೋಡು, ಎಲಿ ಎಷ್ಟು ಸಣ್ಣವು. ದೊಡ್ಡ ಎಲಿ ಇಟ್ಕೊಳ್ಳೂದು ಇವಕ್ಕ ಪರವಡಂಗಿಲ್ಲ” ಎಂದರು. ಧಾರವಾಡ ದಾಟಿದ ಮೇಲೆ ಮರಗಳು ಮೈಬಿಟ್ಟು ಎತ್ತರವಾದವು, ತೇಗ ಬಂತು, ಬಿದಿರು ಬಂತು. ಲೋಂಡಾ ಆಚೆ ಘಟ್ಟ ಶುರುವಾದಾಗ ಕಿಟಕಿಯಲ್ಲಿ ಹಗಲಿಗೇ ಕತ್ತಲೆ, ಮರದ ಮೇಲೆ ಮರ, ಮರದ ಮೇಲೆ ಬಳ್ಳಿ. ಅತ್ತೆ ನನ್ನ ಕೈ ಹಿಡಿದುಕೊಂಡುಬಿಟ್ಟರು. ಇಷ್ಟು ವರ್ಷ ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದ ಕಾಡನ್ನು ಅವರು ಕಣ್ಣಾರೆ ಕಂಡದ್ದು ಅದೇ ಮೊದಲು.

“ಸೂರ್ಯ ಅವನೇ, ನೆಲದ ಅಂತರ ಒಂದು ರೈಲಿನ ದಾರಿ ಅಷ್ಟ. ಸಮುದ್ರದ ಗಾಳಿ ತಂದ ನೀರೆಲ್ಲ ಈ ಗುಡ್ಡದವರು ಇಳಿಸ್ಕೋತಾರ. ನಮ್ಮ ಕಡೆ ಬರೂದ್ರಾಗ ಮೋಡದ ಕೊಡ ಖಾಲಿ” ಎಂದರು. ಅವತ್ತಿನಿಂದ ಅವರೆಂದರೆ ನನಗೆ ಅತ್ತೆ ಅನ್ನುವ ಭಯ ಹೋಯಿತು. ಮದುವೆಯಲ್ಲಿ ಏನು ಉಂಡೆನೋ ನೆನಪಿಲ್ಲ, ಆ ಕಿಟಕಿ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸಂಘದ ಸಭೆ ಭಾನುವಾರ ಬೆಳಿಗ್ಗೆ ಸೆಲ್ಲಾರಿನಲ್ಲಿ ನಡೆಯಿತು, ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ಅಧ್ಯಕ್ಷರ ಬಗ್ಗೆ ಸುಳ್ಳು ಹೇಳಬಾರದು, ಒಳ್ಳೆಯ ಮನುಷ್ಯ. ಬೇಸಿಗೆಯಲ್ಲಿ ಟ್ಯಾಂಕರಿನವನ ಬೆನ್ನು ಹತ್ತಿ ನಮ್ಮೆಲ್ಲರ ಮನೆಗೆ ನೀರು ಬರುವಂತೆ ಮಾಡುವವರು ಅವರೇ. ಆದರೆ ಅವರು ಗೋದಾವರಿಯ ಕೋನಸೀಮೆಯಲ್ಲಿ ಹುಟ್ಟಿದವರು. ಅಲ್ಲಿ ಮನೆ ಮುಂದೆ ಕಾಲುವೆ, ಕಾಲುವೆಯ ದಂಡೆಗೆ ತೆಂಗು, ಎಲೆಯಿಲ್ಲದ ಮರ ಎಂದರೆ ಸತ್ತ ಮರವೇ. ಮೂರನೇ ಮಹಡಿಯ ಕೇರಳದ ನರ್ಸಮ್ಮ ಕೂಡ, ನಮ್ಮೂರಲ್ಲಿ ಇಂಥದ್ದು ನಿಂತಿದ್ದರೆ ಒಲೆಗೆ ಹಾಕುತ್ತಿದ್ದೆವು ಅಂದರು. ಅಷ್ಟು ಹೊತ್ತು ಸುಮ್ಮನಿದ್ದ ರಾಜಸ್ಥಾನದ ಹಿರಿಯರು, ಬಟ್ಟೆ ವ್ಯಾಪಾರದವರು, ಆಶ್ಚರ್ಯದಿಂದ ಎಲ್ಲರ ಮುಖ ನೋಡಿ ಹಿಂದಿಯಲ್ಲಿ ಹೇಳಿದರು: “ನಮ್ಮ ಕಡೆ ಇದಕ್ಕ ದಟ್ಟ ಜಂಗಲ್ ಅಂತಾರ.”

ನಾನು ನಕ್ಕೆ. ಒಂದೇ ಗುಡ್ಡ. ಒಬ್ಬರಿಗೆ ಸೌದೆ, ಒಬ್ಬರಿಗೆ ಜಂಗಲ್. ಪ್ರತಿಯೊಬ್ಬರೂ ತಾವು ಹುಟ್ಟಿದ ನೆಲದ ಮಳೆಯನ್ನು ಕಣ್ಣಲ್ಲಿಟ್ಟುಕೊಂಡು ಬಂದು ಕುಳಿತಿದ್ದರು.

ಆಗ ಅತ್ತೆ ಎದ್ದು ನಿಂತರು. ನಿಂತೇ ಮಾತಾಡುವುದು ಅವರ ರೂಢಿ, ಮೊಣಕಾಲು ಬೇಡ ಅಂದರೂ. ತಮ್ಮ ಶಾಲೆಯ ತೆಲುಗಿನಲ್ಲಿ, ಬೀದರದ ಎಳೆತ ಸೇರಿಸಿ, ಹೇಳುತ್ತ ಹೋದರು. ಮಳೆ ಎಷ್ಟು ಬೀಳುತ್ತದೆ ಅನ್ನುವುದು ಅರ್ಧ ಲೆಕ್ಕ, ಎಷ್ಟು ತಿಂಗಳು ಬೀಳುವುದೇ ಇಲ್ಲ ಅನ್ನುವುದು ಇನ್ನರ್ಧ. ಒಣ ತಿಂಗಳು ಕಡಿಮೆ ಇದ್ದಲ್ಲಿ ಮರ ತನ್ನ ಎಲೆಯನ್ನು ಒಂದೊಂದಾಗಿ, ಯಾರಿಗೂ ಗೊತ್ತಾಗದ ಹಾಗೆ ಬದಲಿಸುತ್ತದೆ. ಅದಕ್ಕೇ ಕೇರಳದ ಕಾಡು ಸದಾ ಹಸಿರು. ನಮ್ಮಲ್ಲಿ ಮಳೆ ಬಂದು ಹೋದ ಮೇಲೆ ಉದ್ದಕ್ಕೂ ಒಣ ಕಾಲ. ಅಂಥ ನೆಲದಲ್ಲಿ ಎಲೆ ಹೊತ್ತು ನಿಂತರೆ ಮರ ಬದುಕುವುದಿಲ್ಲ. ಇನ್ನೂ ಒಣಗಿದ ಕಡೆ ಎಲೆ ಸಣ್ಣದಾಗಿ ಮುಳ್ಳಾಗುತ್ತದೆ.

“ಟ್ಯಾಂಕರ್ ಬರದ ದಿನ ನೀವು ಏನು ಮಾಡ್ತೀರಿ?” ಎಂದು ಅಧ್ಯಕ್ಷರನ್ನೇ ಕೇಳಿದರು.

“ನಳ ಬಂದ್ ಮಾಡ್ತೀವಿ, ಮೇಡಂ.”

“ಎಲೆ ಅಂದರೆ ಮರದ ನಳ. ಅವು ಬಂದ್ ಮಾಡಿ ನಿಂತಿವೆ. ನೀವು ಅದನ್ನು ಸಾವು ಅಂತೀರಿ.”

ಸೊಸೆಯಾಗಿ ನನಗೆ ಆ ಹೊತ್ತಿನಲ್ಲಿ ಆದ ಹೆಮ್ಮೆಯನ್ನು ಮುಚ್ಚಿಡುವುದೇಕೆ, ಎದ್ದು ನಿಂತು ಎಲ್ಲರಿಗೂ ಇವರು ನಮ್ಮತ್ತೆ ಅಂತ ಹೇಳಬೇಕು ಅನ್ನಿಸಿತು. ಅಧ್ಯಕ್ಷರೂ ಮೆತ್ತಗಾದರು. “ಸರಿ ಮೇಡಂ, ಎಲ್ಲಿಯ ತನಕ ಕಾಯೋಣ ಹೇಳಿ” ಎಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅತ್ತೆಗೆ ಪಾಠದ ಹುಮ್ಮಸ್ಸು ಏರಿತ್ತು. “ಮಿರಗದ ತನಕ” ಎಂದರು. ಮಿರಗ ಎಂದರೆ ಮೃಗಶಿರ ಮಳೆ, ಜೂನ್ ಮೊದಲಿಗೆ ಕೂಡುವುದು. ನಮ್ಮ ಕಡೆ ಒಕ್ಕಲುತನ ಬಿಟ್ಟು ತಲೆಮಾರು ಕಳೆದವರೂ ದಿನ ಎಣಿಸುವುದು ಇದರ ಮೇಲೆಯೇ. ತೆಲುಗಿನವರಿಗೂ ಮೃಗಶಿರ ಗೊತ್ತು, ಅವತ್ತು ಮೀನು ತಿನ್ನಲೇಬೇಕು ಎಂಬ ರೂಢಿಯಿಂದ ಮೀನಿನ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಧ್ಯಕ್ಷರು ತಲೆದೂಗಿದರು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. “ಮಿರಗದ ಮಳೆ ಬಿದ್ದರೆ ಸಾಕು, ಚಿಗುರುತ್ತವೆ. ಮಿರಗದ ದಿನ ಚಿಗುರು ಕಾಣದಿದ್ದರೆ ಕಡಿಸಿರಿ, ನಾನು ತಡೆಯುವುದಿಲ್ಲ” ಎಂದು ಮಾತು ಕೊಟ್ಟುಬಿಟ್ಟರು. ನಾನು ಅವರ ಸೆರಗು ಎಳೆದೆ. ಅವರು ಬಿಡಿಸಿಕೊಂಡರು.

ಮೇ ತಿಂಗಳಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಧೂಳು ಬೇಡ, ಬಿಸಿಲು ಬೇಡ, ಬಗ್ಗಬಾರದು, ತಲೆಯ ಮೇಲೆ ನೀರು ಹಾಕಿಕೊಳ್ಳಬಾರದು ಎಂದು ಡಾಕ್ಟರು ಹೇಳಿದರು. ಗ್ಯಾಲರಿಯ ಬಾಗಿಲು ಮುಚ್ಚಿ, ಪರದೆ ಎಳೆದು, ಕಪ್ಪು ಕನ್ನಡಕ ಹಾಕಿಸಿ ಅತ್ತೆಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿದೆ. ಬೆಳಿಗ್ಗೆ ಎಲ್ಲ ಮಾಡಿಟ್ಟು ನಾನು ನಾಚಾರಂಗೆ ಹೊರಡಬೇಕು, ಅಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ನನ್ನ ನೌಕರಿ. ಮಣಿಕೊಂಡ ಒಂದು ಮೂಲೆ, ನಾಚಾರಂ ಇನ್ನೊಂದು ಮೂಲೆ. ಮನೆಗೆ ಮರಳುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು.

ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೇಳುತ್ತಿದ್ದರು, “ಮೋಡ ಐತೇನ?”

“ಇಲ್ರಿ ಅತ್ತಿ.”

“ಗಾಳಿ ಯಾವ ಕಡಿಯಿಂದ ಬೀಸಾಕತ್ತೈತಿ?”

“ಗಾಳೀನ ಇಲ್ರಿ.”

ದಿನವೂ ಇದೇ. ಟೀವಿಯವರು ಮುಂಗಾರು ಅಲ್ಲಿ ನಿಂತಿದೆ, ಇಲ್ಲಿ ತಡವಾಗಿದೆ ಅಂತ ಬಾಣದ ಗುರುತು ತೋರಿಸುತ್ತಿದ್ದರು. ಆ ವರ್ಷ ಬೇಸಿಗೆಯ ಅಡ್ಡಮಳೆಯೂ ನಮ್ಮ ಕಡೆ ಹಾಯಲಿಲ್ಲ. ಟ್ಯಾಂಕರು ದಿನಕ್ಕೊಮ್ಮೆ ಬರುವುದೂ ಕಷ್ಟವಾಯಿತು. ನಾನು ಆಫೀಸಿನಲ್ಲಿದ್ದರೂ ಕಿಟಕಿಯಿಂದ ಮುಗಿಲು ನೋಡುವುದು, ಬಸ್ಸಿನಲ್ಲಿದ್ದರೂ ಮುಗಿಲು ನೋಡುವುದು. ಒಣ ಸೀಮೆಯಲ್ಲಿ ಹುಟ್ಟಿದವರಿಗೆ ಕಷ್ಟ ಬಂದಾಗ ಕತ್ತು ತಾನಾಗಿ ಮೇಲಕ್ಕೆ ಏಳುತ್ತದೆ.

ಅತ್ತೆ ಊಟ ಕಡಿಮೆ ಮಾಡಿದರು. ಹಾಸ್ಯ ನಿಂತಿತು. ಮಿರಗಕ್ಕೆ ಇನ್ನೊಂದು ವಾರವಿದೆ ಅನ್ನುವಾಗ ಒಂದು ದಿನ ಕಣ್ಣಿಗೆ ಔಷಧಿಯ ಹನಿ ಹಾಕುತ್ತಿದ್ದೆ. ಅವರ ಕಣ್ಣಿನಿಂದ ಇಳಿದದ್ದು ಬರೀ ಔಷಧಿಯಲ್ಲ ಎಂದು ಗೊತ್ತಾಯಿತು.

“ಯಾಕ್ರಿ ಅತ್ತಿ?”

“ಗಡುವು ಕೇಳಿದ್ದು ನನಗ, ಕೊಟ್ಟಾಕಿ ನಾ. ಅವಕ್ಕ ಬಾಯಿಲ್ಲ. ನನ್ನ ಮಾತಿಗೆ ಅವು ಕುತ್ತಿಗಿ ಕೊಡಬೇಕಾತು.”

ನನಗೆ ಸಿಟ್ಟು ಬಂತು. ಅಧ್ಯಕ್ಷರ ಮೇಲೆ, ಮೋಡದ ಮೇಲೆ, ಮಿರಗ ಅಂತ ಹೇಳಿದ ಅತ್ತೆಯ ಮೇಲೂ ಬಂತು. ಸಿಟ್ಟು ಬಂದಾಗ ನಾನು ಏನಾದರೂ ಮಾಡಲೇಬೇಕು. ಮರುದಿನ ರಜೆ. ಬೆಳಿಗ್ಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲ ಒಂದು ದೊಡ್ಡ ಬಕೆಟ್ಟಿಗೆ ಸುರಿದು, ಮಿರಗಕ್ಕೆ ಮಳೆ ಬರದಿದ್ದರೆ ನಾನೇ ಮಳೆ ಅಂದುಕೊಂಡು, ಲಿಫ್ಟಿನಲ್ಲಿ ಇಳಿದೆ. ಕಾವಲಿನವನು ನೋಡಿದ. ಕಾರು ತೊಳೆಯಲು ಅಂದುಕೊಂಡನೋ ಏನೋ, ಕೇಳಲಿಲ್ಲ.

ಹಿಂದಿನ ಸಣ್ಣ ಗೇಟು ದಾಟಿ, ಬಕೆಟ್ಟು ತುಳುಕಿಸುತ್ತ, ಏದುಸಿರು ಬಿಡುತ್ತ ಮೊದಲ ಬಂಡೆ ಸುತ್ತಿದೆ. ಯಾವ ಗಿಡಕ್ಕೆ ಮೊದಲು ಹಾಕಲಿ ಎಂದು ಬಗ್ಗಿದರೆ ಸೀತಾಫಲದ ಕಡ್ಡಿಯ ತುಂಬ ಚಿಗುರು.

ನಂಬಲಿಲ್ಲ. ಪಕ್ಕದ್ದು ನೋಡಿದೆ. ಅದರ ಮೇಲೂ ಚಿಗುರು, ಕಿರುಬೆರಳ ಉಗುರಿನಷ್ಟು, ತೆಳು ಹಸಿರು. ಮುತ್ತಲದ ಹೊಸ ಎಲೆಗಳು ಮಡಚಿ ಇಟ್ಟ ರೇಷ್ಮೆಯ ಹಾಗೆ ಮೆತ್ತಗೆ, ಕಂಚಿನ ಬಣ್ಣ. ತುಮರಿ ಕೆಂಪಾಗಿತ್ತು. ಬಂಡೆಯ ಆಚೆ ಮಗ್ಗುಲಿಗೆ, ನಮ್ಮ ಮನೆಯಿಂದ ಕಾಣದ ಕಡೆ, ಕಕ್ಕೆ ಹಳದಿ ಹೂವಿನ ಗೊಂಚಲು ಬಿಟ್ಟುಕೊಂಡು ನಿಂತಿತ್ತು. ಕಾಲಡಿಯ ಮಣ್ಣು ಹಿಟ್ಟಿನಷ್ಟು ಒಣಗಿತ್ತು. ಬಂಡೆ ಆ ಹೊತ್ತಿಗೇ ಕೈಗೆ ಸುಡುತ್ತಿತ್ತು. ಒಂದು ಹನಿ ಮಳೆಯಿಲ್ಲದೆ, ಯಾರ ಬಕೆಟ್ಟೂ ಇಲ್ಲದೆ, ವರ್ಷದಲ್ಲೇ ಅತಿ ಕೆಟ್ಟ ಬಿಸಿಲಿನಲ್ಲಿ ಇವು ಹೊಸ ಎಲೆ ಹೊರಡಿಸಿದ್ದವು. ಬೂದು ತೊಗಟೆಯ ಕೆಲವು ಮಾತ್ರ ಇನ್ನೂ ಬೋಳಾಗಿದ್ದವು. ನಾನು ಆ ಮುಸುರೆ ನೀರಿನ ಬಕೆಟ್ಟು ಹಿಡಿದುಕೊಂಡು, ಯಾರಿಗೂ ಬೇಡದ ನೆಂಟರ ಹಾಗೆ ನಿಂತಿದ್ದೆ. ಒಮ್ಮೆಲೇ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬಂಡೆಯ ಮೇಲೆ ಕುಳಿತು ಎರಡೂ ಮುಗಿಸಿದೆ.

ನಾವಿಬ್ಬರೂ ತಿಂಗಳಿಡೀ ಮುಗಿಲು ನೋಡಿದ್ದೆವು, ಗಿಡ ನೋಡಿರಲಿಲ್ಲ. ಮಳೆ ಇಲ್ಲದೆ ಚಿಗುರಿಲ್ಲ ಎಂದು ಅತ್ತೆಯ ಪಾಠದಲ್ಲಿತ್ತು, ಅವರ ಪಾಠ ನನಗೆ ವೇದ. ಮೋಡ ಇದೆಯೇ ಎಂದು ಅವರು ಕೇಳಿದರು, ಇಲ್ಲ ಎಂದು ನಾನು ಹೇಳಿದೆ, ಅಲ್ಲಿಗೆ ಗುಡ್ಡದ ವಿಚಾರ ಮುಗಿಯುತ್ತಿತ್ತು.

ಒಂದು ಚಿಗುರಿನ ಕಡ್ಡಿ ಮುರಿದುಕೊಂಡು ಮೇಲೆ ಓಡಿದೆ. ಅತ್ತೆ ಅದನ್ನು ಬೆರಳಿನಿಂದ ಸವರಿದರು, ಮೂಗಿಗೆ ಹಿಡಿದರು. ಅವರ ಮುಖ ಅರಳುತ್ತದೆ ಎಂದು ನಾನು ಕಾಯುತ್ತಿದ್ದರೆ ಹುಬ್ಬು ಗಂಟಿಕ್ಕಿದರು.

“ಇದು ಎಲ್ಲಿಂದ ತಂದಿ? ಗಟಾರದ ಮಗ್ಗಲದ್ದೇನು?”

“ಅಲ್ರಿ. ಬಂಡಿ ನಡುವಿಂದು.”

“ಯಾರರ ನೀರು ಹಾಕ್ಯಾರೇನು?”

“ಹಾಕಾಕಂತ ನಾನ ಹೋಗಿದ್ದೆ. ಹಾಕೋಕ್ಕಿಂತ ಮೊದಲ ನೋಡಿದೆ.”

“ಮ್ಯಾಲಿನ ಬಂಡಿದು ತಗೊಂಬಾ.”

ಆ ಬಿಸಿಲಲ್ಲಿ ಮತ್ತೆ ಇಳಿದು, ಗುಡ್ಡ ಹತ್ತಿ, ತುದಿಯಲ್ಲಿದ್ದ ತುಮರಿಯ ಕಡ್ಡಿ ತಂದೆ. ಕನ್ನಡಕ ಸ್ವಲ್ಪ ಎತ್ತಿ, ಹೊಸ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ ಶುರು ಮಾಡಿದರು. ಎಲೆ ಉದುರಿಸಿ ಖರ್ಚು ನಿಲ್ಲಿಸಿದ್ದಕ್ಕೆ ಕಾಂಡದಲ್ಲಿ ನೀರು ಉಳಿದಿರಬೇಕು. ಬಂಡೆಯ ಬಿರುಕಿನಲ್ಲಿ ಬೇರು ಆಳಕ್ಕೆ ಹೋಗಿ ಹೋದ ವರ್ಷದ ಮಳೆಯನ್ನು ಈಗ ಕುಡಿಯುತ್ತಿರಬೇಕು. “ನಮ್ಮಲ್ಲಿ ಮಳಿ ಬರೂದೇ ಸ್ವಲ್ಪ ದಿನ. ಬಂದ ಮ್ಯಾಲೆ ಎಲಿ ಮಾಡ್ತೀನಂತ ಕುಂತ್ರ ಅರ್ಧ ಮಳಿಗಾಲ ಹೋತು. ಬೀಗರು ಬರೋಕ್ಕಿಂತ ಮೊದಲ ಒಲಿ ಹಚ್ಚ್ಯಾವು ನೋಡು ಇವು” ಎಂದರು. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಅಧ್ಯಕ್ಷರಿಗೆ ಹೇಳಿಬಿಡಲೇ ಎಂದು ಕೇಳಿದರೆ, “ಬ್ಯಾಡ, ಗಡುವಿನ ದಿನ ತಮ್ಮ ಕಣ್ಣಿಂದನ ನೋಡಲಿ” ಎಂದರು.

ಮಿರಗದ ದಿನ ಮುಗಿಲಿನಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿಲ್ಲ. ಅಧ್ಯಕ್ಷರು ಮಾತಿನ ಮನುಷ್ಯ, ಮರ ಕಡಿಯುವವರನ್ನು ಗರಗಸದ ಯಂತ್ರದ ಸಮೇತ ಕರೆಸಿ ಹಿಂದಿನ ಗೇಟಿನಲ್ಲಿ ನಿಲ್ಲಿಸಿದ್ದರು. ಬಿಸಿಲು ಏರುವ ಮುಂಚೆ ಅತ್ತೆಯನ್ನು ಕೈಹಿಡಿದು ಇಳಿಸಿದೆ. ಅಧ್ಯಕ್ಷರು ನಮ್ಮನ್ನು ಕಂಡು ಒಮ್ಮೆ ಮುಗಿಲು ನೋಡಿದರು. ನಿಜವಾಗಿಯೂ ಬೇಜಾರಿನಿಂದಲೇ, “ಮಳೆ ಬರಲಿಲ್ಲವಲ್ಲ, ಮೇಡಂ” ಎಂದರು.

“ಮಳೆ ಬಿಡಿ. ಬನ್ನಿ” ಎಂದು ಅತ್ತೆ ಗೇಟಿನೊಳಗೆ ನಡೆದರು.

ನೋಡಲು ಸೇರಿದ್ದ ಸಂಘದವರೂ ನಾನೂ ಹಿಂದೆ ಬಂದೆವು. ಅತ್ತೆ ಎರಡು ಹೆಜ್ಜೆ ಹಾಕಿ ನಿಂತುಬಿಟ್ಟರು. ಆ ಗುಡ್ಡವನ್ನು ಅವರು ಸರಿಯಾದ ಕಣ್ಣಿನಿಂದ ನೋಡುತ್ತಿದ್ದುದು ಆಗಲೇ ಮೊದಲು. ವಾರದಲ್ಲಿ ಚಿಗುರು ಇನ್ನೂ ಬಿಚ್ಚಿಕೊಂಡಿತ್ತು. “ಎಷ್ಟು ನಮೂನಿ ಹಸರು ಐತಲ್ಲವಾ” ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಅಷ್ಟರಲ್ಲಿ ಅಧ್ಯಕ್ಷರು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗಿ ಮುಟ್ಟಿ ನೋಡತೊಡಗಿದ್ದರು, ನರ್ಸಮ್ಮ ಫೋಟೋ ತೆಗೆಯುತ್ತಿದ್ದರು. ರಾಜಸ್ಥಾನದ ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ನೆರಳು ಹುಡುಕಿ ಕುಳಿತರು. ಗರಗಸದವರನ್ನು ಅಧ್ಯಕ್ಷರು ತಾವೇ ಹೋಗಿ ವಾಪಸು ಕಳಿಸಿ ಬಂದರು.

ಬಂದವರೇ ಅತ್ತೆಗೆ ಕೈಮುಗಿದು, “ನೀವು ಅವತ್ತೇ ಹೇಳಿದ್ರಿ, ನಮಗೆ ತಿಳಿಯಲಿಲ್ಲ” ಎಂದರು. ಯಾರೋ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅತ್ತೆ ಕೈ ಎತ್ತಿ ಚಪ್ಪಾಳೆ ನಿಲ್ಲಿಸಿದರು, ತರಗತಿಯಲ್ಲಿ ಗಲಾಟೆ ನಿಲ್ಲಿಸುವಂತೆ. “ನಾನು ಹೇಳಿದ್ದು ತಪ್ಪು. ಮಳೆ ಬಿದ್ದ ಮೇಲೆ ಚಿಗುರುತ್ತವೆ ಅಂದಿದ್ದೆ. ಶಾಲೆಯಲ್ಲೂ ಹಾಗೇ ಕಲಿಸಿದೆ. ಇವು ಮಳೆಗೆ ಕಾಯಲಿಲ್ಲ, ನನ್ನ ಮಾತಿಗೂ ಕಾಯಲಿಲ್ಲ.”

ಅವರು ಅದನ್ನು ನಾಚಿಕೆಯಿಂದ ಹೇಳಲಿಲ್ಲ. ಮೊಮ್ಮಗು ತಮಗಿಂತ ಜೋರಾಗಿ ಓಡಿತು ಎಂದು ಅಜ್ಜಿ ಹೇಳುವಂತೆ ಹೇಳಿದರು. ಅಧ್ಯಕ್ಷರು ನಕ್ಕು, ಫೋನು ತೆಗೆದರು. “ಹೋಗಲಿ ಮೇಡಂ, ಬರುವ ವರ್ಷ ಯಾವುದು ಯಾವಾಗ ಎಲೆ ಬಿಡುತ್ತದೆ ಹೇಳಿಬಿಡಿ. ಗುಂಪಿಗೆ ಹಾಕುತ್ತೇನೆ, ಆಗ ಯಾರೂ ಗಾಬರಿಯಾಗುವುದಿಲ್ಲ.”

ಅತ್ತೆ ಇನ್ನೂ ಬೋಳಾಗಿ ನಿಂತಿದ್ದ ಬೂದು ಮರಗಳ ಕಡೆ ನೋಡಿದರು, ಹಳದಿ ಕಕ್ಕೆಯ ಕಡೆ ನೋಡಿದರು.

“ನನಗ ಗೊತ್ತಿಲ್ರಿ” ಎಂದರು, ತೆಲುಗು ಮರೆತು ಕನ್ನಡದಲ್ಲೇ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆಯ ಬಾಯಿಂದ ಈ ಮಾತು ಕೇಳಿರಲಿಲ್ಲ. ಅದನ್ನು ಅಧ್ಯಕ್ಷರಿಗೆ ತೆಲುಗಿನಲ್ಲಿ ಹೇಳಿದೆ. ಅತ್ತೆ ನನ್ನ ಕೈಗೆ ಕಾಯದೆ, ಒಬ್ಬರೇ, ಮುಂದಿನ ಗಿಡದ ಹತ್ತಿರ ಹೋದರು.